ಮದ್ದಿನ ತಕ್ಕಡಿ ಎಷ್ಟು ಸೂಕ್ಷ್ಮವಾಗಿದ್ದರೆ ಸಾಕು?

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ ನಾನು. ಕೆಲವು ವರ್ಷಗಳಿಂದ 6.5 ಕ್ರೀಡ್‌ಮೂರ್ ರೈಫಲ್ ಹಿಡಿದು ಎಫ್-ಕ್ಲಾಸ್ ಎಂಬ ದೂರಗುರಿಯ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೇನೆ. ಸಿಡಿಮದ್ದನ್ನು ತೂಗಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ನನ್ನ ಎಲೆಕ್ಟ್ರಾನಿಕ್ ತಕ್ಕಡಿ 0.1 ಗ್ರೇನ್‌ವರೆಗೆ ತೂಕ ತೋರಿಸುತ್ತದೆ. ಒಂದೇ ಮದ್ದು, ಒಂದೇ ತೂಕ ಹಾಕಿ ಐದೈದು ಗುಂಡು ಹಾರಿಸಿದರೂ ವೇಗದ ಮಾನಕ ವಿಚಲನೆ (ಸರಾಸರಿಯಿಂದ ವೇಗ ಸಾಮಾನ್ಯವಾಗಿ ಎಷ್ಟು ಚದುರುತ್ತದೆ ಎಂಬ ಅಳತೆ) ಒಮ್ಮೆ ಸೆಕೆಂಡಿಗೆ 6 ಅಡಿ ಬರುತ್ತದೆ, ಇನ್ನೊಮ್ಮೆ 14 ಅಡಿ ಬರುತ್ತದೆ. 1000 ಗಜದ ಗುರಿಯಲ್ಲಿ ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ಇನ್ನೂ ಸೂಕ್ಷ್ಮವಾದ, ದುಬಾರಿ ತಕ್ಕಡಿಯನ್ನು ಕೊಂಡರೆ ಇದು ಸರಿಹೋಗುತ್ತದೆಯೇ?

ಉತ್ತರ: ತಕ್ಕಡಿಯ ಮಾತಿಗೆ ಬರುವ ಮೊದಲು ನೀವು ಕೊಟ್ಟಿರುವ 6 ಮತ್ತು 14 ಎಂಬ ಅಂಕಿಗಳನ್ನು ನೋಡೋಣ. ಇವು ಎರಡು ಬೇರೆ ಬೇರೆ ಸ್ಥಿತಿಗಳನ್ನು ಹೇಳುತ್ತಿವೆ ಎಂದು ನೀವು ಭಾವಿಸಿದ್ದೀರಿ. ಹಾಗೆ ಭಾವಿಸಲು ಆಧಾರವಿಲ್ಲ. ನಿಜವಾದ ಮಾನಕ ವಿಚಲನೆ ಸೆಕೆಂಡಿಗೆ 9 ಅಡಿ ಇರುವ ತೋಟಾಗಳ ಒಂದೇ ರಾಶಿಯಿಂದ ಐದೈದನ್ನು ಎತ್ತಿ ಹಾರಿಸುತ್ತ ಹೋದರೆ, ನೂರರಲ್ಲಿ ತೊಂಬತ್ತೈದು ಸಲ ವೇಗ ಅಳೆಯುವ ಕ್ರೊನೊಗ್ರಾಫ್ 3ರಿಂದ 15ರ ನಡುವಿನ ಯಾವುದಾದರೂ ಒಂದು ಅಂಕಿಯನ್ನು ತೋರಿಸುತ್ತದೆ. ಅಂದರೆ ನಿಮ್ಮ 6 ಮತ್ತು ನಿಮ್ಮ 14 ಎರಡೂ ಅದೇ ರೈಫಲ್, ಅದೇ ತಕ್ಕಡಿ, ಅದೇ ಕೈಗಳ ಕೆಲಸವಾಗಿರಲು ಏನೂ ಅಡ್ಡಿಯಿಲ್ಲ. ಐದು ಗುಂಡುಗಳಿಂದ ಲೆಕ್ಕ ಹಾಕಿದ ಮಾನಕ ವಿಚಲನೆಯನ್ನು ನೆಚ್ಚಿ ತಕ್ಕಡಿಯನ್ನು ದೂರುವುದಾಗಲಿ ಹೊಗಳುವುದಾಗಲಿ ಸಾಧ್ಯವಿಲ್ಲ.

ಹಾಗಾದರೆ ತಕ್ಕಡಿಯ ಪಾಲು ಎಷ್ಟು? ಅದನ್ನು ಗುಂಡು ಹಾರಿಸದೆಯೇ ಲೆಕ್ಕ ಹಾಕಬಹುದು. ಒಂದು ಗ್ರೇನ್ ಎಂದರೆ 64.79891 ಮಿಲಿಗ್ರಾಂ, ಹಾಗಾಗಿ 0.1 ಗ್ರೇನ್ ಎಂದರೆ ಸುಮಾರು ಆರೂವರೆ ಮಿಲಿಗ್ರಾಂ. ನಿಮ್ಮ ತೋಟಾದ ಗಾತ್ರಕ್ಕೆ ಮದ್ದಿನ ತೂಕ 42 ಗ್ರೇನ್ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಇದು ತುಂಬುವ ಪ್ರಮಾಣದ ಸಲಹೆಯಲ್ಲ. ಅದನ್ನು ಆಯಾ ಮದ್ದು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. 42 ಗ್ರೇನ್ ಎಂದರೆ 2.72 ಗ್ರಾಂ, ಅದರಲ್ಲಿ 0.1 ಗ್ರೇನ್ ಎಂದರೆ ಶೇಕಡಾ ಕಾಲುಭಾಗಕ್ಕೂ ತುಸು ಕಡಿಮೆ. ಈ ಗಾತ್ರದ ತೋಟಾಗಳಲ್ಲಿ 0.1 ಗ್ರೇನ್ ಮದ್ದು ಹೆಚ್ಚು ಕಡಿಮೆಯಾದರೆ ವೇಗದಲ್ಲಿ ಸೆಕೆಂಡಿಗೆ ಸುಮಾರು 5 ಅಡಿಯ ವ್ಯತ್ಯಾಸವಾಗುತ್ತದೆ. ಸುಮಾರು 24 ಗ್ರೇನ್ ಮದ್ದು ಹಿಡಿಯುವ .223 ರೆಮಿಂಗ್ಟನ್‌ನಲ್ಲಿ ಅದೇ 0.1 ಗ್ರೇನ್ ಇದರ ಎರಡರಷ್ಟು ವ್ಯತ್ಯಾಸ ಮಾಡುತ್ತದೆ. 90 ಗ್ರೇನ್ ಆಸುಪಾಸು ಹಿಡಿಯುವ .338 ಲಾಪುವಾದಲ್ಲಿ 3 ಅಡಿಯಷ್ಟೂ ಆಗುವುದಿಲ್ಲ. ಆದ್ದರಿಂದ ಇಂಥ ತಕ್ಕಡಿ ಸಾಕೇ ಎಂಬ ಪ್ರಶ್ನೆಗೆ ತೋಟಾದ ಹೆಸರು ಹೇಳದೆ ಉತ್ತರ ಕೊಡಲಾಗದು.

ಇನ್ನು ಗುರಿಯ ಬಳಿ ಇದು ಏನಾಗುತ್ತದೆ ಎಂಬುದನ್ನು ನೋಡಿ. ಸೆಕೆಂಡಿಗೆ 2700 ಅಡಿ ವೇಗದಲ್ಲಿ ನಳಿಕೆಯಿಂದ ಹೊರಡುವ ನಿಮ್ಮ ಗುಂಡಿಗೆ 10 ಅಡಿ ವೇಗ ಕಡಿಮೆಯಾದರೆ, 1000 ಗಜದಲ್ಲಿ ಅದು ಎರಡೂವರೆಯಿಂದ ಮೂರು ಇಂಚು ಕೆಳಗೆ ಬೀಳುತ್ತದೆ. ಎಫ್-ಕ್ಲಾಸ್ ಗುರಿಹಲಗೆಯ ಹತ್ತು ಅಂಕದ ವೃತ್ತ ಆ ದೂರದಲ್ಲಿ 10 ಇಂಚು ಅಗಲ, ಅದರೊಳಗಿನ ಎಕ್ಸ್ ವೃತ್ತ 5 ಇಂಚು ಅಗಲ. ವೇಗದ ಮಾನಕ ವಿಚಲನೆ 8 ಅಡಿ ಇದ್ದರೆ ಇಪ್ಪತ್ತು ಗುಂಡುಗಳ ಒಂದು ಸರದಿಯಲ್ಲಿ, ಬೇರಾವ ದೋಷವೂ ಇಲ್ಲದೆ, ಬರಿಯ ವೇಗದ ಏರಿಳಿತದಿಂದಲೇ ಮೇಲಿನ ಗುಂಡಿಗೂ ಕೆಳಗಿನ ಗುಂಡಿಗೂ ಸುಮಾರು 8 ಇಂಚಿನ ಅಂತರ ನಿರೀಕ್ಷಿಸಬೇಕು. ಅದೇ 4 ಅಡಿಗೆ ಇಳಿದರೆ ಅಂತರ 4 ಇಂಚಿಗೆ ಇಳಿಯುತ್ತದೆ. ಆದ್ದರಿಂದ ನಿಮ್ಮ ಕಾಳಜಿ ಸಣ್ಣದಲ್ಲ. 100 ಗಜದಲ್ಲಿ ಮಾತ್ರ ಹೊಡೆಯುವವರಿಗೆ 20 ಅಡಿ ವೇಗವ್ಯತ್ಯಾಸವೂ ಇಂಚಿನ ನೂರರಲ್ಲಿ ನಾಲ್ಕು ಭಾಗದಷ್ಟು ಮಾತ್ರ ಎತ್ತರ ಬದಲಿಸುತ್ತದೆ. ರೈಫಲನ್ನು ಮೇಜಿನ ಮೇಲೆ ಊರಿ ಅತ್ಯಂತ ಚಿಕ್ಕ ಗುಂಪುಗಳನ್ನು ಹೊಡೆಯುವ ಬೆಂಚ್‌ರೆಸ್ಟ್ ಆಟಗಾರರಲ್ಲಿ ಅನೇಕರು ಮದ್ದನ್ನು ತೂಗದೆ, ಅಳತೆಯ ಉಪಕರಣದಿಂದ ಗಾತ್ರದ ಲೆಕ್ಕದಲ್ಲಿ ಸುರಿದುಕೊಂಡೇ ಗೆಲ್ಲುತ್ತಾರೆ. ದೂರ ಹೆಚ್ಚಿದಂತೆ ಮಾತ್ರ ತೂಕದ ಪ್ರಶ್ನೆ ಗಂಭೀರವಾಗುತ್ತದೆ.

ಈಗ ಈ ವಿಷಯದ ಕೇಂದ್ರಕ್ಕೆ ಬರೋಣ. ವೇಗದ ಏರಿಳಿತಕ್ಕೆ ಮದ್ದಿನ ತೂಕ ಒಂದು ಕಾರಣ ಮಾತ್ರ. ಪ್ರೈಮರ್‌ನಿಂದ ಪ್ರೈಮರ್‌ಗೆ ಮದ್ದನ್ನು ಹೊತ್ತಿಸುವ ಕಿಡಿಯಲ್ಲಿರುವ ವ್ಯತ್ಯಾಸ, ಹಿತ್ತಾಳೆ ಕೇಸ್‌ಗಳ ಒಳಗಾತ್ರದ ವ್ಯತ್ಯಾಸ, ಕೇಸ್‌ನ ಕತ್ತು ಗುಂಡನ್ನು ಹಿಡಿದಿರುವ ಬಿಗಿ, ಮದ್ದಿನ ತೇವ, ನಳಿಕೆ ಮತ್ತು ತೋಟಾದ ಶಾಖ, ಎಲ್ಲವೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ. ಪರಸ್ಪರ ಸಂಬಂಧವಿಲ್ಲದ ಇಂಥ ದೋಷಗಳು ಸಾದಾ ಕೂಡಿಕೆಯಂತೆ ಕೂಡುವುದಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳು ವಿಕರ್ಣವನ್ನು ನಿರ್ಧರಿಸುವಂತೆ, ಪ್ರತಿಯೊಂದರ ವರ್ಗವನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಮೊತ್ತ ಸಿಗುತ್ತದೆ. ಇದರ ಪರಿಣಾಮವಾಗಿ ದೊಡ್ಡ ದೋಷ ಚಿಕ್ಕ ದೋಷವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗಿಬಿಡುತ್ತದೆ.

ನಿಮ್ಮದೇ ಲೆಕ್ಕವನ್ನು ತೆಗೆದುಕೊಳ್ಳೋಣ. ತಕ್ಕಡಿಯನ್ನು ಬಿಟ್ಟು ಉಳಿದ ಕಾರಣಗಳೆಲ್ಲ ಸೇರಿ ಸೆಕೆಂಡಿಗೆ 8 ಅಡಿಯ ಮಾನಕ ವಿಚಲನೆ ತರುತ್ತಿವೆ ಎಂದುಕೊಳ್ಳಿ. ತಕ್ಕಡಿ ಸುಸ್ಥಿತಿಯಲ್ಲಿದ್ದು, ಅದರ ದೋಷ ಅಂಕಿಯನ್ನು ಹತ್ತನೇ ಒಂದಕ್ಕೆ ದುಂಡಾಗಿಸುವುದರಿಂದ ಬರುವ ದೋಷವಷ್ಟೇ ಆಗಿದ್ದರೆ, ಅದರ ಮಾನಕ ವಿಚಲನೆ 0.03 ಗ್ರೇನ್, ಅಂದರೆ ವೇಗದಲ್ಲಿ ಒಂದೂವರೆ ಅಡಿ. ಎರಡನ್ನೂ ಮೇಲಿನಂತೆ ಕೂಡಿದರೆ 8.1 ಬರುತ್ತದೆ. ಅಂದರೆ ತಕ್ಕಡಿಯಿಂದ ಆದ ನಷ್ಟ ಹತ್ತನೇ ಒಂದು ಅಡಿ. ಆದರೆ ಅದೇ ತಕ್ಕಡಿ ಒಳಗೊಳಗೇ ಸರಿಯುತ್ತ, ಜಡಗಟ್ಟುತ್ತ, 0.1 ಗ್ರೇನ್‌ನಷ್ಟು ಮಾನಕ ವಿಚಲನೆಯಿಂದ ತೂಗುತ್ತಿದ್ದರೆ ಒಟ್ಟು 9.4ಕ್ಕೆ ಏರುತ್ತದೆ. ಈಗ ನೀವು ಪರಿಶ್ರಮಪಟ್ಟು ಉಳಿದ ದೋಷಗಳನ್ನು 8ರಿಂದ 4 ಅಡಿಗೆ ಇಳಿಸಿದಿರಿ ಎನ್ನೋಣ. ಒಳ್ಳೆಯ 0.1 ಗ್ರೇನ್ ತಕ್ಕಡಿಯೊಂದಿಗೆ ಒಟ್ಟು 4.3, ಕೆಟ್ಟ ತಕ್ಕಡಿಯೊಂದಿಗೆ 6.4. ದುಬಾರಿ ತಕ್ಕಡಿ ತಂದು ತೂಕದ ದೋಷವನ್ನು 0.01 ಗ್ರೇನ್‌ಗೆ ಇಳಿಸಿದರೆ 4.03. ಒಳ್ಳೆಯ ಸಾಧಾರಣ ತಕ್ಕಡಿಗೂ ದುಬಾರಿ ತಕ್ಕಡಿಗೂ ಇರುವ ಅಂತರ 1000 ಗಜದಲ್ಲಿ, ಎತ್ತರದ ಮಾನಕ ವಿಚಲನೆಯ ಲೆಕ್ಕದಲ್ಲಿ, ಇಂಚಿನ ಹತ್ತನೇ ಒಂದಕ್ಕಿಂತ ಕಡಿಮೆ. ಒಳ್ಳೆಯದಕ್ಕೂ ಕೆಟ್ಟದಕ್ಕೂ ಇರುವ ಅಂತರ ಮಾತ್ರ ಎದ್ದು ಕಾಣುವಷ್ಟು.

ಆದ್ದರಿಂದ ನಿಮ್ಮ ತಕ್ಕಡಿ ಎಷ್ಟು ದಶಮಾಂಶ ತೋರಿಸುತ್ತದೆ ಎಂಬುದಕ್ಕಿಂತ, ತೋರಿಸಿದ್ದನ್ನು ಎಷ್ಟು ನಂಬಬಹುದು ಎಂದು ಕೇಳಬೇಕು. ಪರದೆಯ ಮೇಲೆ 42.0 ಎಂದು ಕಾಣುವುದು ತಕ್ಕಡಿಯ ಸೂಕ್ಷ್ಮತೆಗೆ ಪುರಾವೆಯಲ್ಲ. ಅದು ಅಂಕಿಗಳನ್ನು ಹೇಗೆ ಮುದ್ರಿಸುತ್ತದೆ ಎಂಬುದಕ್ಕಷ್ಟೇ ಪುರಾವೆ. ಪರದೆಯಲ್ಲಿ 0.02 ಗ್ರೇನ್ ಹೆಜ್ಜೆ ತೋರಿಸುತ್ತ, ನಿಜದಲ್ಲಿ ಅದರ ಹಲವು ಪಟ್ಟು ಅಲುಗಾಡುವ ತಕ್ಕಡಿಗಳು ಮಾರುಕಟ್ಟೆಯಲ್ಲಿವೆ.

ನಿಮ್ಮಲ್ಲಿರುವಂಥ ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಲೋಡ್‌ಸೆಲ್ ಎಂಬ ಲೋಹದ ತುಂಡೊಂದು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ನ ವಿದ್ಯುತ್ ರೋಧ ಆ ಬಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ. ತಕ್ಕಡಿ ಆ ಬದಲಾವಣೆಯನ್ನು ತೂಕವಾಗಿ ತೋರಿಸುತ್ತದೆ. ಲೋಹದ ಬಾಗುವ ಗುಣ ಉಷ್ಣತೆಯೊಂದಿಗೆ ಬದಲಾಗುವುದರಿಂದ, ಸ್ವಿಚ್ ಹಾಕಿದ ಕೂಡಲೇ ತೂಗಲು ಕುಳಿತರೆ ಮೊದಲ ಅರ್ಧ ಗಂಟೆಯ ತೂಕಗಳು ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತ ಹೋಗುವುದು ಸಾಮಾನ್ಯ. ಭಾರವನ್ನು ಬಹಳ ಹೊತ್ತು ಮೇಲೇ ಬಿಟ್ಟರೆ ಲೋಹವೂ ಅಂಟೂ ಸ್ವಲ್ಪ ಜಾರುತ್ತವೆ, ತೆಗೆದಾಗ ಶೂನ್ಯ ಹಳೆಯ ಜಾಗಕ್ಕೆ ತಕ್ಷಣ ಬರುವುದಿಲ್ಲ. ತಟ್ಟೆಯ ಮಧ್ಯದಲ್ಲಿಟ್ಟ ಬಟ್ಟಲಿಗೂ ಅಂಚಿನಲ್ಲಿಟ್ಟ ಬಟ್ಟಲಿಗೂ ತೂಕ ಬೇರೆ ಬರುವುದುಂಟು. ಇವೆಲ್ಲ ಯಂತ್ರದ ಸ್ವಭಾವ. ತಿಳಿದು ನಡೆದುಕೊಂಡರೆ ಬಹುಪಾಲನ್ನು ನಿಯಂತ್ರಿಸಬಹುದು.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವ ಸಂಗತಿ ಒಂದಿದೆ, ಅದನ್ನು ವಿವರವಾಗಿ ಹೇಳಬೇಕು. ನಿಧಾನವಾದ ಸರಿತವನ್ನು ಮರೆಮಾಡಲೆಂದು ಬಹಳಷ್ಟು ಅಗ್ಗದ ತಕ್ಕಡಿಗಳಲ್ಲಿ ಒಂದು ಏರ್ಪಾಡು ಇರುತ್ತದೆ: ತೂಕದಲ್ಲಿ ಅತಿ ಸಣ್ಣ, ಅತಿ ನಿಧಾನದ ಬದಲಾವಣೆ ಬಂದರೆ ಅದು ನಿಜವಾದ ಭಾರವಲ್ಲ, ಉಷ್ಣತೆಯ ಆಟ ಎಂದು ಬಗೆದು ತಕ್ಕಡಿ ಪರದೆಯ ಅಂಕಿಯನ್ನು ಹಾಗೆಯೇ ಹಿಡಿದಿಡುತ್ತದೆ. ಆದರೆ ಮದ್ದು ತುಂಬುವವನು ಕೊನೆಯ ಹಂತದಲ್ಲಿ ಮಾಡುವ ಕೆಲಸವೇ ಅದು. ಟ್ರಿಕ್ಲರ್ ತಿರುಗಿಸಿ ಒಂದೊಂದೇ ಕಾಳನ್ನು ನಿಧಾನವಾಗಿ ಬೀಳಿಸುವುದು. ಮಧ್ಯಮ ಗಾತ್ರದ ಕಡ್ಡಿಮದ್ದಿನ ಒಂದು ಕಾಳು ಸುಮಾರು 0.02ರಿಂದ 0.03 ಗ್ರೇನ್ ತೂಗುತ್ತದೆ. ಪರದೆ 41.9ರಲ್ಲೇ ನಿಂತಿರುವಾಗ ನೀವು ಐದಾರು ಕಾಳು ಬೀಳಿಸಿರುತ್ತೀರಿ, ತಕ್ಕಡಿ ಅದನ್ನು ಗಮನಿಸಿಯೇ ಇರುವುದಿಲ್ಲ, ಆಮೇಲೆ ಅಂಕಿ ಥಟ್ಟನೆ 42.1ಕ್ಕೆ ಜಿಗಿಯುತ್ತದೆ. ಕೆಲವೊಮ್ಮೆ 42.0ರಲ್ಲಿ ನಿಂತರೂ ಬಟ್ಟಲಲ್ಲಿ ನಿಜವಾಗಿ ಅದಕ್ಕಿಂತ ಹೆಚ್ಚಿರುತ್ತದೆ. ಇದಕ್ಕೆ ಪರಿಹಾರ ಸರಳ. ಕಾಳು ಬೀಳಿಸುವುದು ಮುಗಿದ ಮೇಲೆ ಬಟ್ಟಲನ್ನು ಪೂರ್ತಿ ಮೇಲೆತ್ತಿ, (ಖಾಲಿ ಬಟ್ಟಲಿಟ್ಟು ಶೂನ್ಯ ಮಾಡಿರುವ) ತಕ್ಕಡಿ ಬಟ್ಟಲಿನ ತೂಕವನ್ನು ಋಣಸಂಖ್ಯೆಯಾಗಿ ತೋರಿಸುವವರೆಗೆ ಕಾದು, ಮತ್ತೆ ಇಟ್ಟು, ಆಗ ಬರುವ ಅಂಕಿಯನ್ನು ಮಾತ್ರ ಒಪ್ಪಿಕೊಳ್ಳಿ. ಆ ಋಣಸಂಖ್ಯೆಯನ್ನೂ ಗಮನಿಸುತ್ತಿರಿ. ಬಟ್ಟಲಿನ ತೂಕ ಬದಲಾಗುವುದಿಲ್ಲವಾದ್ದರಿಂದ ಆ ಅಂಕಿ ಬದಲಾಯಿತೆಂದರೆ ಶೂನ್ಯ ಜಾರಿದೆ ಎಂದೇ ಅರ್ಥ.

ಗಾಳಿಯ ವಿಷಯದಲ್ಲಿ ಜನ ಅಷ್ಟಾಗಿ ಎಚ್ಚರ ವಹಿಸುವುದಿಲ್ಲ. ಸೆಕೆಂಡಿಗೆ 20 ಸೆಂಟಿಮೀಟರ್ ಚಲಿಸುವ ಗಾಳಿ ಮೈಗೆ ತಾಗಿದ್ದೇ ತಿಳಿಯದಷ್ಟು ಮೆಲುವಾದದ್ದು. ಆರು ಸೆಂಟಿಮೀಟರ್ ಅಗಲದ ತಟ್ಟೆಯ ಮೇಲೆ ಅದು ನೇರವಾಗಿ ಇಳಿದರೆ ಬೀಳುವ ಒತ್ತಡವನ್ನು ಲೆಕ್ಕ ಹಾಕಿ ನೋಡಿದರೆ ಸುಮಾರು ಏಳು ಮಿಲಿಗ್ರಾಂ ತೂಕಕ್ಕೆ ಸಮನಾಗುತ್ತದೆ. ಅಂದರೆ 0.1 ಗ್ರೇನ್. ನಿಮ್ಮ ಊರಿನ ಸೆಕೆಗೆ ಗ್ಯಾರೇಜಿನಲ್ಲೋ ಕೋಣೆಯಲ್ಲೋ ಏರ್ ಕಂಡಿಷನರ್ ನಡೆಯುತ್ತಿದ್ದು, ಅದು ಕೆಲವು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತಿದ್ದರೆ, ತೂಕದಲ್ಲಿ ಕಾಣುವ ಏರಿಳಿತಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೂರು ಕಡೆ ಮತ್ತು ಮೇಲೆ ಮುಚ್ಚಿದ ಒಂದು ಪೆಟ್ಟಿಗೆಯೊಳಗೆ ತಕ್ಕಡಿಯನ್ನು ಇಡುವುದು, ಸಾವಿರ ಡಾಲರ್ ಖರ್ಚು ಮಾಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಒಣಹವೆಯ ಚಳಿಗಾಲದಲ್ಲಿ ಪ್ಲಾಸ್ಟಿಕ್ ಬಟ್ಟಲು ಮತ್ತು ಲಾಳಿಕೆಗಳಲ್ಲಿ ಸ್ಥಿರವಿದ್ಯುತ್ ತುಂಬಿಕೊಂಡು ಕಾಳುಗಳು ಅಂಟುವುದಲ್ಲದೆ, ಆ ವಿದ್ಯುತ್ತಿನ ಸೆಳೆತವೇ ತೂಕದಂತೆ ಕಾಣಿಸುತ್ತದೆ; ಲೋಹದ ಬಟ್ಟಲು ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೊಬೈಲ್ ಫೋನನ್ನು ತಕ್ಕಡಿಯ ಪಕ್ಕದಲ್ಲಿ ಇಡಬೇಡಿ.

ಹಳೆಯ ಕಾಲದ ದಂಡಿಗೆ ತಕ್ಕಡಿಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದಕ್ಕೆ ಈಗ ಸಲ್ಲಬೇಕಾದಷ್ಟು ಗೌರವ ಸಲ್ಲುತ್ತಿಲ್ಲ. ಆರ್‌ಸಿಬಿಎಸ್ 5-0-5 ಅಥವಾ ಓಹಾಸ್ 10-10ರಂಥ ತಕ್ಕಡಿಯಲ್ಲಿ ದಂಡಿಗೆ ಚೂಪಾದ ಉಕ್ಕಿನ ಅಲಗಿನ ಮೇಲೆ ತೂಗುತ್ತದೆ, ಆ ಅಲಗು ನುಣ್ಣನೆಯ ಅಗೇಟ್ ಕಲ್ಲಿನ ತೋಡಿನಲ್ಲಿ ಕೂರುತ್ತದೆ. ದಂಡಿಗೆಯ ತುದಿಯ ಲೋಹದ ಪಟ್ಟಿ ಅಯಸ್ಕಾಂತಗಳ ನಡುವೆ ಆಡುವಾಗ ಅದರಲ್ಲಿ ಹುಟ್ಟುವ ಸುಳಿವಿದ್ಯುತ್ತು ಓಲಾಟವನ್ನು ಬೇಗ ತಣಿಸುತ್ತದೆ. ಇಲ್ಲಿ ಸರಿಯಲು ವಿದ್ಯುತ್ ಇಲ್ಲ, ಬಿಸಿಯಾಗಲು ಲೋಡ್‌ಸೆಲ್ ಇಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿಯ ಸೆಳೆತವನ್ನು. ಆ ಸೆಳೆತ ಸಮಭಾಜಕ ವೃತ್ತದಿಂದ ಧ್ರುವಕ್ಕೆ ಶೇಕಡಾ ಅರ್ಧದಷ್ಟು ಬದಲಾಗುವುದರಿಂದ ಬಳಸುವ ಊರಿನಲ್ಲೇ ಅದನ್ನು ಹೊಂದಿಸಬೇಕು. ದಂಡಿಗೆ ತಕ್ಕಡಿ ಒಂದು ದ್ರವ್ಯರಾಶಿಯನ್ನು ಇನ್ನೊಂದರ ಎದುರು ತೂಗುವುದರಿಂದ ಅದಕ್ಕೆ ಊರಿನ ಹಂಗಿಲ್ಲ. ಅಲಗು ಮತ್ತು ತೋಡುಗಳನ್ನು ಧೂಳಿಲ್ಲದಂತೆ ಒರೆಸಿ, ಮಟ್ಟವಾದ ಗಟ್ಟಿ ಮೇಜಿನ ಮೇಲಿಟ್ಟರೆ ಸುಸ್ಥಿತಿಯ ದಂಡಿಗೆ ಒಂದೇ ಒಂದು ಕಾಳಿಗೂ ಅಲುಗುತ್ತದೆ. ಓದುವಾಗ ಕಣ್ಣು ಗೆರೆಯ ನೇರಕ್ಕೆ ಇಲ್ಲದಿದ್ದರೆ ಮಾತ್ರ ತಪ್ಪಾಗುತ್ತದೆ. ಅದಕ್ಕಾಗಿ ಅನೇಕರು ಗೆರೆಯ ಎದುರಿಗೆ ಒಂದು ಸಣ್ಣ ಕ್ಯಾಮೆರಾ ನಿಲ್ಲಿಸಿಕೊಳ್ಳುತ್ತಾರೆ. ಇದರ ನಿಜವಾದ ಕೊರತೆ ನಿಧಾನ, ಅಷ್ಟೇ. ವಾರಕ್ಕೆ ಅರವತ್ತು ಎಂಬತ್ತು ತೋಟಾ ತುಂಬುವವರಿಗೆ ಆ ನಿಧಾನ ದೊಡ್ಡ ಹೊರೆಯಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ಕೊಳ್ಳಬೇಕೆಂದಿರುವ ದುಬಾರಿ ತಕ್ಕಡಿಗಳು ಬೇರೆ ತತ್ವದ ಮೇಲೆ ನಡೆಯುತ್ತವೆ. ಜಪಾನಿನ ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-120ಐ ಇದಕ್ಕೆ ಚೆನ್ನಾಗಿ ಬಳಕೆಯಾಗಿರುವ ಉದಾಹರಣೆ. ಇಲ್ಲಿ ಭಾರವನ್ನು ಹೊರುವುದು ಅಯಸ್ಕಾಂತದ ನಡುವೆ ತೇಲುವ ಒಂದು ತಂತಿಸುರುಳಿ. ತಟ್ಟೆ ಒಂದಿಷ್ಟು ಕೆಳಗಿಳಿದರೂ ಅದನ್ನು ಹಿಂದಿನ ಜಾಗಕ್ಕೆ ಎತ್ತಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದನ್ನೇ ತೂಕವಾಗಿ ಓದಲಾಗುತ್ತದೆ. ಯಾವ ಲೋಹವನ್ನೂ ಬಾಗಿಸಿ ಅಳೆಯುವ ಕೆಲಸ ಇಲ್ಲದಿರುವುದರಿಂದ ಇದು ಬೇಗ ಸ್ಪಂದಿಸುತ್ತದೆ, ನಿಧಾನವಾಗಿ ಬೀಳುವ ಕಾಳನ್ನೂ ಬಿಡದೆ ಕಾಣುತ್ತದೆ. ಒಂದು ಮಿಲಿಗ್ರಾಂ, ಅಂದರೆ 0.015 ಗ್ರೇನ್‌ನಷ್ಟು ಸೂಕ್ಷ್ಮವಾದ ಇದು ಗ್ರೇನ್ ಲೆಕ್ಕದಲ್ಲಿ 0.02ರ ಹೆಜ್ಜೆಯಲ್ಲಿ ತೋರಿಸುತ್ತದೆ. ಒಂದು ಕಾಳಿನ ತೂಕವೂ ಅಷ್ಟೇ ಇರುವುದರಿಂದ ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿಯಿಂದ ನಮಗೆ ಪ್ರಯೋಜನವಿಲ್ಲ: ಹತ್ತನೇ ಒಂದು ಮಿಲಿಗ್ರಾಂ ಓದುವ ಪ್ರಯೋಗಾಲಯದ ತಕ್ಕಡಿ ಕಾಳಿನ ಸಣ್ಣ ಭಾಗವನ್ನೂ ಕಾಣುತ್ತದೆ, ಆದರೆ ಕಾಳನ್ನು ಕತ್ತರಿಸಿ ಹಾಕುವವರು ಬಹಳ ಇಲ್ಲ, ಹಾಕಿದರೂ ಗುರಿಹಲಗೆಯ ಮೇಲೆ ಅದು ತಿಳಿಯುವುದಿಲ್ಲ. ಇಂಥ ತಕ್ಕಡಿಗೆ ಜನ ಹಣ ಕೊಡುವುದು ಸೂಕ್ಷ್ಮತೆಗೆ ಎನ್ನುವುದಕ್ಕಿಂತ ವೇಗಕ್ಕೆ ಮತ್ತು ನೆಮ್ಮದಿಗೆ ಎಂದರೆ ಸರಿಯಾದೀತು; ತಾನಾಗಿ ಕಾಳು ಬೀಳಿಸುವ ಟ್ರಿಕ್ಲರ್ ಜೋಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಒಂದು ತೂಕ ಸಿದ್ಧವಾಗುತ್ತದೆ. ಆ ಅನುಕೂಲಕ್ಕಾಗಿ ಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ.

ಇನ್ನು ನಿಮ್ಮ ತಕ್ಕಡಿಯನ್ನು ಪರೀಕ್ಷಿಸುವ ಬಗೆ. ಅದರೊಂದಿಗೆ ಬಂದಿರುವ ಹೊಂದಿಸುವ ತೂಕ ಬಹುಶಃ 20 ಅಥವಾ 50 ಗ್ರಾಂ ಇರಬಹುದು. ನೀವು ತೂಗುವುದು 2.7 ಗ್ರಾಂ. ಆದ್ದರಿಂದ 2 ಗ್ರಾಂ, 500 ಮಿಲಿಗ್ರಾಂ ಮತ್ತು 200 ಮಿಲಿಗ್ರಾಂನ ಮೂರು ತೂಕದ ಬಟ್ಟುಗಳನ್ನು ತರಿಸಿಕೊಳ್ಳಿ. ಮೂರೂ ಸೇರಿ 41.67 ಗ್ರೇನ್ ಆಗುತ್ತದೆ, ನಿಮಗೆ ಬೇಕಾದ ತೂಕಕ್ಕೆ ಅದು ತೀರ ಹತ್ತಿರ. ಅಂತರರಾಷ್ಟ್ರೀಯ ಕಾನೂನುಮಾಪನ ಸಂಸ್ಥೆಯ ವರ್ಗೀಕರಣದಲ್ಲಿ ಎಂ1 ದರ್ಜೆಯ ಬಟ್ಟುಗಳಾದರೆ ಮೂರೂ ಸೇರಿ ಅತಿ ಹೆಚ್ಚೆಂದರೆ 2.6 ಮಿಲಿಗ್ರಾಂ ತಪ್ಪಿರಬಹುದು, ಅಂದರೆ 0.04 ಗ್ರೇನ್. ಎಫ್1 ದರ್ಜೆಯವಾದರೆ ಆ ತಪ್ಪು ಇದರ ಹತ್ತನೇ ಒಂದು. ಪದೇ ಪದೇ ಒಂದೇ ತೂಕ ಬರುತ್ತದೆಯೇ ಎಂದು ನೋಡಲು ಎಂ1 ಸಾಕು, ಏಕೆಂದರೆ ಬಟ್ಟಿನ ತೂಕ ಎಷ್ಟೇ ಇದ್ದರೂ ಅದು ಬದಲಾಗುವುದಿಲ್ಲ. ಬೆರಳಿನ ಎಣ್ಣೆ ತಾಗದಂತೆ ಚಿಮಟದಿಂದಲೇ ಹಿಡಿಯಿರಿ.

ತಕ್ಕಡಿಯನ್ನು ಒಂದು ಗಂಟೆ ಬೆಚ್ಚಗಾಗಲು ಬಿಟ್ಟು, ಬಟ್ಟಲಿನಲ್ಲಿ ಈ ಮೂರು ಬಟ್ಟುಗಳನ್ನಿಟ್ಟು, ಎತ್ತಿ ಇಡುತ್ತ ಮೂವತ್ತು ಸಲ ತೂಗಿ ಬರೆದುಕೊಳ್ಳಿ. ಪ್ರತಿ ಸಲವೂ ಬಟ್ಟಲಿಲ್ಲದಾಗಿನ ಋಣಸಂಖ್ಯೆಯನ್ನೂ ಬರೆಯಿರಿ. ಮೂವತ್ತರಲ್ಲಿ ಒಂದೇ ಅಂಕಿಯೋ ಅಥವಾ ಅಕ್ಕಪಕ್ಕದ ಎರಡೇ ಅಂಕಿಗಳೋ ಬಂದರೆ ನಿಮ್ಮ ತಕ್ಕಡಿ ಮೇಲೆ ಹೇಳಿದ ಒಳ್ಳೆಯ ವರ್ಗಕ್ಕೆ ಸೇರಿದ್ದು. ಮೂರು ನಾಲ್ಕು ಬೇರೆ ಅಂಕಿಗಳಲ್ಲಿ ಹರಡಿದರೆ ಅದನ್ನು ಬದಲಿಸಲು ಕಾರಣವಿದೆ. ಅಂಕಿಗಳು ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ಸರಿದರೆ ತಕ್ಕಡಿಗಿಂತ ಮೊದಲು ಕೋಣೆಯ ಉಷ್ಣತೆ ಮತ್ತು ಗಾಳಿಯನ್ನು ಅನುಮಾನಿಸಿ. ನೀವು ನಿಜವಾಗಿ ಮದ್ದು ತುಂಬುವ ಹೊತ್ತಿನಲ್ಲಿ, ನಿಜವಾಗಿ ಕೂರುವ ಜಾಗದಲ್ಲೇ ಇದನ್ನು ಮಾಡಬೇಕು. ಊಟದ ಮೇಜಿನ ಮೇಲೆ ಬಂದ ಫಲಿತಾಂಶ ಗ್ಯಾರೇಜಿಗೆ ಅನ್ವಯಿಸುವುದಿಲ್ಲ.

ಒಳ್ಳೆಯ ವರ್ಗದ 0.1 ಗ್ರೇನ್ ತಕ್ಕಡಿಯನ್ನು ಅದರ ಹೆಜ್ಜೆಗಿಂತಲೂ ನಯವಾಗಿ ಬಳಸಬಹುದು ಎಂಬುದನ್ನು ಇಲ್ಲಿ ಸೇರಿಸಬೇಕು. ಅಂಕಿ 41.9ರಿಂದ 42.0ಕ್ಕೆ ಬದಲಾಗುವ ಗಡಿ ನಿಜವಾದ ತೂಕದಲ್ಲಿ 41.95ರ ಬಳಿ ಇರುತ್ತದೆ. ಪ್ರತಿ ಸಲವೂ ಕೆಳಗಿನಿಂದಲೇ ಮೇಲಕ್ಕೆ ಬಂದು, ಬಟ್ಟಲನ್ನು ಎತ್ತಿಟ್ಟು ನೋಡುತ್ತ, ಅಂಕಿ ಬದಲಾದ ಕೂಡಲೇ ನಿಲ್ಲಿಸಿದರೆ ನಿಮ್ಮ ತೂಕಗಳೆಲ್ಲ ಆ ಗಡಿಯ ಬಳಿಯೇ ಒಟ್ಟುಗೂಡುತ್ತವೆ. ಒಮ್ಮೆ ಕೆಳಗಿನಿಂದ ಬಂದು, ಇನ್ನೊಮ್ಮೆ ಹೆಚ್ಚಾದ ಕಾಳನ್ನು ಚಿಮಟದಿಂದ ತೆಗೆದು ಮೇಲಿನಿಂದ ಇಳಿದರೆ ಈ ಲಾಭ ಹೋಗುತ್ತದೆ. ಹೆಚ್ಚಾದರೆ ಒಂದಿಷ್ಟನ್ನು ತೆಗೆದು ಮತ್ತೆ ಕೆಳಗಿನಿಂದಲೇ ಏರಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದೊಂದು ತೋಟಾಕ್ಕೆ ಒಂದೊಂದು ರೀತಿ ಬದಲಾಗುವ ದೋಷದ ಮಾತು. ತಕ್ಕಡಿ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯೋ ಹೆಚ್ಚೋ ತೋರಿಸುತ್ತಿದ್ದರೆ ಗುರಿಹಲಗೆಯ ಮೇಲೆ ಅದು ಕಾಣುವುದೇ ಇಲ್ಲ, ಗುಂಡುಗಳೆಲ್ಲ ಸೇರಿಯೇ ಬೀಳುತ್ತವೆ. ಅದಕ್ಕೇ ಅದು ಹೆಚ್ಚು ಅಪಾಯಕಾರಿ. ತಕ್ಕಡಿ 0.5 ಗ್ರೇನ್ ಕಡಿಮೆ ತೋರಿಸುತ್ತಿದ್ದು, ನೀವು ಕೈಪಿಡಿಯ ಗರಿಷ್ಠ ಪ್ರಮಾಣಕ್ಕೆ ತೂಗುತ್ತಿದ್ದರೆ ಪ್ರತಿ ತೋಟಾವೂ ಗರಿಷ್ಠವನ್ನು ಮೀರುತ್ತದೆ, ಮತ್ತು ಮದ್ದು ಹೆಚ್ಚಿದಂತೆ ವೇಗಕ್ಕಿಂತ ಬೇಗನೆ ಏರುವುದು ಒತ್ತಡ. ಪಿಸ್ತೂಲಿನ ತೋಟಾಗಳಲ್ಲಂತೂ ಇದು ಇನ್ನೂ ಗಂಭೀರ: 9 ಎಂಎಂ ತೋಟಾದಲ್ಲಿ ಬೇಗ ಉರಿಯುವ ಮದ್ದು ಸುಮಾರು 5 ಗ್ರೇನ್ ಮಾತ್ರ ಹಿಡಿಯುವುದರಿಂದ 0.3 ಗ್ರೇನ್ ತಪ್ಪು ಎಂದರೆ ಶೇಕಡಾ ಆರು. ರೈಫಲ್‌ನ 42 ಗ್ರೇನ್‌ನಲ್ಲಿ ಅದೇ ತಪ್ಪು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಪ್ರತಿ ಸಲ ಕೂರುವಾಗಲೂ, ಮಧ್ಯದಲ್ಲೊಮ್ಮೆಯೂ, ಏಳುವ ಮುನ್ನವೂ ಬಟ್ಟುಗಳಿಟ್ಟು ನೋಡುವುದನ್ನು ಎಂದಿಗೂ ಬಿಡಬೇಡಿ. ಕೊನೆಯ ಪರೀಕ್ಷೆಯಲ್ಲಿ ಅಂಕಿ ತಪ್ಪಿದರೆ ಅಂದು ತುಂಬಿದ ತೋಟಾಗಳನ್ನೆಲ್ಲ ಬಿಚ್ಚಿ ಮತ್ತೆ ತೂಗಿ.

ತಕ್ಕಡಿ ಪರೀಕ್ಷೆಯಲ್ಲಿ ಗೆದ್ದರೆ ನಿಮ್ಮ ಗಮನ ಬೇರೆಡೆ ಹೋಗಬೇಕು. ಉಳಿದ ಕಾರಣಗಳಲ್ಲಿ ಮದ್ದಿನ ತೇವವನ್ನು ನಾನು ಮೊದಲು ಹೇಳುತ್ತೇನೆ, ಏಕೆಂದರೆ ಅದು ತಕ್ಕಡಿಯನ್ನೇ ಬಳಸಿಕೊಂಡು ಮೋಸ ಮಾಡುತ್ತದೆ. ಹೊಗೆರಹಿತ ಮದ್ದಿನ ಮೂಲವಸ್ತುವಾದ ನೈಟ್ರೊಸೆಲ್ಯುಲೋಸ್ ಗಾಳಿಯ ತೇವವನ್ನು ಹೀರುತ್ತದೆ, ಒಣಗಾಳಿಯಲ್ಲಿ ಬಿಟ್ಟುಕೊಡುತ್ತದೆ. ಮದ್ದು ಶೇಕಡಾ ಅರ್ಧದಷ್ಟು ನೀರನ್ನು ಕಳೆದುಕೊಂಡರೂ 42 ಗ್ರೇನ್‌ನಲ್ಲಿ ಅದು 0.2 ಗ್ರೇನ್, ಅಷ್ಟು ನೀರಿನ ಜಾಗದಲ್ಲಿ ಈಗ ಅಷ್ಟೇ ತೂಕದ ಮದ್ದು ಬಂದು ಕೂರುತ್ತದೆ, ಜೊತೆಗೆ ಒಣಗಿದ ಮದ್ದು ಬೇಗ ಉರಿಯುತ್ತದೆ. ತಕ್ಕಡಿ ಎರಡೂ ದಿನ 42.0 ಎಂದೇ ಹೇಳುತ್ತದೆ. ಸುರಿಯುವ ಉಪಕರಣದ ಹಾಪರ್‌ನಲ್ಲಿ ಮದ್ದನ್ನು ರಾತ್ರಿಯಿಡೀ ಬಿಡದೆ, ಕೆಲಸ ಮುಗಿದ ಕೂಡಲೇ ಅದರದೇ ಡಬ್ಬಿಗೆ ಸುರಿದು ಮುಚ್ಚಿ. ಒಂದು ಸ್ಪರ್ಧೆಗೆ ಬೇಕಾದ ತೋಟಾಗಳನ್ನು ಒಂದೇ ಕೂರಿಕೆಯಲ್ಲಿ ತುಂಬಿ. ಆಮೇಲೆ ಕೇಸ್‌ನ ಕತ್ತು: ಹಿತ್ತಾಳೆ ಪ್ರತಿ ಬಳಕೆಗೂ ಗಡಸಾಗುತ್ತ ಹೋಗುವುದರಿಂದ, ಬೇರೆ ಬೇರೆ ಸಲ ಬಳಸಿದ ಕೇಸ್‌ಗಳನ್ನು ಬೆರೆಸಿದರೆ ಗುಂಡಿನ ಹಿಡಿತ ಒಂದೊಂದರಲ್ಲಿ ಒಂದೊಂದು ಬಗೆಯಾಗುತ್ತದೆ. ಒಂದೇ ಕಂಪನಿಯ, ಒಂದೇ ತಂಡದ, ಒಂದೇ ಸಂಖ್ಯೆಯಷ್ಟು ಬಳಸಿದ ಕೇಸ್‌ಗಳನ್ನು ಒಟ್ಟಿಗೆ ಇಡುವುದಕ್ಕೆ ಖರ್ಚೇನೂ ಇಲ್ಲ. ಪ್ರೈಮರ್‌ಗಳನ್ನು ಎರಡು ಮೂರು ಬಗೆ ಹೋಲಿಸಿ ನೋಡುವುದೂ ಫಲ ಕೊಡಬಲ್ಲದು.

ಭಾರತದಲ್ಲಿರುವ ಓದುಗರಿಗಾಗಿ ಒಂದು ಮಾತು: ಇಲ್ಲಿ ಹೇಳಿದ್ದೆಲ್ಲ ಇಂಥ ಹವ್ಯಾಸಕ್ಕೆ ಕಾನೂನಿನ ಅವಕಾಶವಿರುವ ದೇಶಗಳ ಸಂಗತಿ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬಂದೂಕು ಇಟ್ಟುಕೊಳ್ಳಲು ಅನುಮತಿ ಇರುವುದು ತೋಟಾ ತುಂಬಲು ಅನುಮತಿಯಲ್ಲ.

ಕೊನೆಯದಾಗಿ, ಹಳೆಯ ತಕ್ಕಡಿಯಿಂದ ಇಪ್ಪತ್ತು, ಗೆಳೆಯರ ಹೊಸ ತಕ್ಕಡಿಯಿಂದ ಇಪ್ಪತ್ತು ತೋಟಾ ತುಂಬಿ ಹಾರಿಸಿ ಹೋಲಿಸೋಣ ಎಂಬ ಯೋಚನೆ ನಿಮಗೆ ಬಂದೇ ಬರುತ್ತದೆ. ಅದರಿಂದ ಉತ್ತರ ಸಿಗುವುದಿಲ್ಲ. ಇಪ್ಪತ್ತಿಪ್ಪತ್ತು ಗುಂಡುಗಳ ಎರಡು ಗುಂಪುಗಳ ಮಾನಕ ವಿಚಲನೆಗಳಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟಾದರೂ ಇಲ್ಲದಿದ್ದರೆ ಆ ಅಂತರವನ್ನು ಆಕಸ್ಮಿಕದಿಂದ ಬೇರ್ಪಡಿಸಲಾಗದು. ನಾವು ಮೇಲೆ ಕಂಡ 8.1 ಮತ್ತು 9.4ರಂಥ ಅಂತರವನ್ನು ಗುಂಡು ಹಾರಿಸಿಯೇ ಖಚಿತಪಡಿಸಿಕೊಳ್ಳಬೇಕೆಂದರೆ ಒಂದೊಂದು ತಕ್ಕಡಿಗೂ ಇನ್ನೂರೈವತ್ತಕ್ಕೂ ಹೆಚ್ಚು ತೋಟಾಗಳು ಬೇಕು. 6.5 ಕ್ರೀಡ್‌ಮೂರ್‌ನ ನಳಿಕೆ ಸ್ಪರ್ಧೆಯ ಮಟ್ಟದಲ್ಲಿ ಬಾಳುವುದೇ ಎರಡು ಮೂರು ಸಾವಿರ ಗುಂಡುಗಳಷ್ಟು. ಅದರ ಐದನೇ ಒಂದು ಭಾಗವನ್ನು ತಕ್ಕಡಿಯ ಪರೀಕ್ಷೆಗೆ ಸುಡುವುದು ಸರಿಯಲ್ಲ. ಮೂರು ಬಟ್ಟುಗಳು ಮತ್ತು ಒಂದು ಸಂಜೆ ಅದೇ ಪ್ರಶ್ನೆಗೆ ಇನ್ನೂ ಖಚಿತವಾದ ಉತ್ತರ ಕೊಡುತ್ತವೆ. ಆ ಮೂವತ್ತು ಅಂಕಿಗಳನ್ನೂ, ಒಂದೇ ಕೂರಿಕೆಯಲ್ಲಿ ತುಂಬಿದ ಕನಿಷ್ಠ ಇಪ್ಪತ್ತು ತೋಟಾಗಳ ವೇಗಗಳನ್ನೂ ಬರೆದು ಕಳುಹಿಸಿದರೆ, ಹೊಸ ತಕ್ಕಡಿ ಬೇಕೋ ಬೇಡವೋ ಎಂಬುದನ್ನು ನಿಮ್ಮದೇ ಅಂಕಿಗಳ ಆಧಾರದ ಮೇಲೆ ಹೇಳಬಲ್ಲೆ.